ಹಾಲಿಗೆ ಸಂಘ, ಗೂಡಿಗೆ ಹರಾಜು

ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ ಶಿಡ್ಲಘಟ್ಟ ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಜನ ಸೇರಿರುವುದು ಒಂದೇ ಕಡೆ: ಡೇರಿಯ ಮುಂದೆ. ಕೈಯಲ್ಲಿ ಸ್ಟೀಲಿನ ಕ್ಯಾನು ಹಿಡಿದ ಹೆಂಗಸರು, ಶಾಲೆಗೆ ಹೊರಡುವ ಮೊದಲು ಹಾಲು ಹಾಕಿಬರಲು ಬಂದ ಹುಡುಗರು, ಸೈಕಲ್ಲಿನ ಎರಡೂ ಕಡೆ ಕ್ಯಾನು ತೂಗುಹಾಕಿಕೊಂಡು ಬಂದ ಮುದುಕರು ಸಾಲಿನಲ್ಲಿ ನಿಂತಿರುತ್ತಾರೆ. ಒಬ್ಬೊಬ್ಬರ ಹಾಲಿನಿಂದಲೂ ಒಂದಿಷ್ಟು ಪರೀಕ್ಷೆಗೆ ಹೋಗುತ್ತದೆ, ಅಳತೆ ಆಗುತ್ತದೆ, ಚೀಟಿ ಬರುತ್ತದೆ. ಅರ್ಧ ಗಂಟೆಯಲ್ಲಿ ಸಾಲು ಕರಗುತ್ತದೆ.

ಅದೇ ಮನೆಯ ಹಿತ್ತಿಲಿಗೆ ಹೋದರೆ ಹುಳು ಮನೆ. ಒಳಗೆ ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಿದ್ದಂತೆ ಕೇಳುತ್ತಿರುತ್ತದೆ. ಹುಳು ತಿಂದು ಉಳಿಸಿದ ಹಿಪ್ಪುನೇರಳೆ ಸೊಪ್ಪು ಹಸುವಿಗೆ ಮೇವು. ಹಸುವಿನ ಸಗಣಿ ಮತ್ತೆ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ. ಇಷ್ಟು ಒಂದಕ್ಕೊಂದು ಹೆಣೆದುಕೊಂಡ ಎರಡು ಕಸುಬುಗಳು ಬೇರೆ ಕಡೆ ಸಿಗುವುದು ಅಪರೂಪ. ಆದರೆ ಮನೆಯ ಹೊಸಿಲು ದಾಟಿದ ಕೂಡಲೇ ಎರಡರ ದಾರಿಯೂ ಬೇರೆಯಾಗುತ್ತದೆ. ಹಾಲು ರೈತರೇ ಸದಸ್ಯರಾಗಿರುವ ಸಂಘಕ್ಕೆ ಹೋಗುತ್ತದೆ. ಗೂಡು ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಗೆ ಹೋಗಿ ಹರಾಜಿಗೆ ನಿಲ್ಲುತ್ತದೆ. ಹಾಲಿನ ದರ ಹೆಚ್ಚುಕಡಿಮೆ ಎಷ್ಟೆಂಬುದು ಹಿಂದಿನ ದಿನವೇ ಗೊತ್ತಿರುತ್ತದೆ. ಗೂಡಿನ ಬೆಲೆ ಅದನ್ನು ಮಾರುವ ಗಳಿಗೆಯವರೆಗೂ ಗೊತ್ತಿರುವುದಿಲ್ಲ.

ಕೋಲಾರ ಸೀಮೆಯನ್ನು ಚಿನ್ನ, ರೇಷ್ಮೆ, ಹಾಲಿನ ನಾಡು ಎಂದು ಕರೆಯುವುದು ಹಳೆಯ ವಾಡಿಕೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. 2007ರಲ್ಲಿ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಮತ್ತು ಗುಡಿಬಂಡೆ ತಾಲ್ಲೂಕುಗಳು ಹೊಸ ಜಿಲ್ಲೆಯಾದವು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ತಾಲ್ಲೂಕುಗಳ ಪಾಲಿಗೆ ಉಳಿದದ್ದು ರೇಷ್ಮೆ ಮತ್ತು ಹಾಲು. ಅವೆರಡರಲ್ಲಿ ಹಾಲೊಂದೇ ಸಹಕಾರದ ದಾರಿ ಹಿಡಿದದ್ದು ಹೇಗೆ, ರೇಷ್ಮೆ ಹೊರಗುಳಿದದ್ದು ಏಕೆ ಎಂಬುದು ಸಹಕಾರ ಚಳವಳಿಯ ಇತಿಹಾಸದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಪ್ರಶ್ನೆ.

ಸಾಲದಿಂದ ಶುರುವಾದದ್ದು

ಭಾರತದಲ್ಲಿ ಸಹಕಾರ ಸಂಘ ಎಂಬುದು ಹುಟ್ಟಿದ್ದು ಸಾಲ ಕೊಡುವುದಕ್ಕಾಗಿ. ಬ್ರಿಟಿಷ್ ಸರ್ಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕನ್ನಡ ನಾಡಿನ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಮೈಸೂರು ಸಂಸ್ಥಾನವೂ 1905ರಲ್ಲೇ ತನ್ನದೇ ಕಾನೂನು ಮಾಡಿತು. ಕೋಲಾರ ಜಿಲ್ಲೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಇಲ್ಲಿನ ಹಳ್ಳಿಗಳಿಗೆ ಸಹಕಾರ ಬಂದದ್ದು ಆ ಕಾನೂನಿನ ಮೂಲಕ.

ಪತ್ತಿನ ಸಂಘದ ಉದ್ದೇಶ ಸರಳವಾಗಿತ್ತು. ಬಡ್ಡಿ ಸಾಹುಕಾರನ ಹಿಡಿತದಿಂದ ರೈತನನ್ನು ಬಿಡಿಸಬೇಕು, ಅವನಿಗೆ ಕಡಿಮೆ ಬಡ್ಡಿಗೆ ಸಾಲ ಸಿಗಬೇಕು. ಆದರೆ ಸಾಲ ಪಡೆದು ಬೆಳೆದದ್ದನ್ನು ರೈತ ಮತ್ತೆ ಅದೇ ಸಾಹುಕಾರನಿಗೋ ಅವನ ನೆಂಟನಿಗೋ ಮಾರಬೇಕಾಗಿತ್ತು. ಬೆಲೆ ಕಟ್ಟುವವನೂ ಅವನೇ, ತೂಕ ಹಾಕುವವನೂ ಅವನೇ. ಸಾಲದ ಮನೆಯಲ್ಲಿ ಸಹಕಾರ, ಮಾರಾಟದ ಮನೆಯಲ್ಲಿ ಹಳೆಯ ವ್ಯವಸ್ಥೆ. ಈ ಅರೆಬರೆ ಸ್ಥಿತಿ ಸುಮಾರು ಅರ್ಧ ಶತಮಾನ ಮುಂದುವರಿಯಿತು.

ಮಾರಾಟಕ್ಕೂ ಸಂಘ ಬೇಕೆಂಬ ಯೋಚನೆ ಇಲ್ಲಿನ ರೈತರ ಹತ್ತಿರ ಬಂದದ್ದು, ವಿಚಿತ್ರವೆನಿಸಬಹುದು, ದ್ರಾಕ್ಷಿಯ ಜೊತೆ. ತೋಟಗಾರಿಕೆ ಇಲಾಖೆಯನ್ನು ಮುನ್ನಡೆಸಿದ ಡಾ. ಎಂ.ಎಚ್. ಮರೀಗೌಡರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಆರಂಭವಾಯಿತು. ಅದೇ ಮುಂದೆ ಬೆಳೆದು ಹಾಪ್‌ಕಾಮ್ಸ್ ಆಯಿತು. ಚಿಕ್ಕಬಳ್ಳಾಪುರ, ನಂದಿ ಸುತ್ತಮುತ್ತಲ ದ್ರಾಕ್ಷಿ ತೋಟಗಳಿಗೆ ಅದು ಒಂದು ಆಸರೆಯಾಯಿತು. ಆದರೆ ದ್ರಾಕ್ಷಿ ಬಾವಿಯೂ ಬಂಡವಾಳವೂ ಉಳ್ಳವರ ಬೆಳೆ. ಎರಡು ಎಕರೆ ಖುಷ್ಕಿ ಜಮೀನಿನ ರೈತನ ಮನೆ ಬಾಗಿಲಿಗೆ ಸಹಕಾರ ಬರಬೇಕಾದರೆ ಆ ಮನೆಯಲ್ಲಿ ಆಗಲೇ ಇದ್ದ ವಸ್ತುವಿನ ಮೂಲಕ ಬರಬೇಕಾಗಿತ್ತು.

ತುಪ್ಪದ ಮಡಕೆಯಿಂದ ಹಾಲಿನ ಕ್ಯಾನಿಗೆ

ನಾಟಿ ಹಸು, ಎಮ್ಮೆ ಎಲ್ಲರ ಮನೆಯಲ್ಲೂ ಇದ್ದವು. ಆದರೆ ಹಾಲು ಮಾರುವ ಸರಕಾಗಿರಲಿಲ್ಲ. ನಾಟಿ ಹಸು ಕೊಡುತ್ತಿದ್ದದ್ದೇ ಒಂದೆರಡು ಲೀಟರು. ಮಕ್ಕಳಿಗೆ, ಮೊಸರಿಗೆ ಆಗಿ ಮಿಕ್ಕದ್ದು ಬೆಣ್ಣೆಯಾಗಿ, ತುಪ್ಪವಾಗಿ ಸಂತೆಗೆ ಹೋಗುತ್ತಿತ್ತು. ಹಾಲು, ಮಜ್ಜಿಗೆ ಮಾರುವುದು ಮನೆಗೆ ಶ್ರೇಯಸ್ಸಲ್ಲ ಎಂದು ನಂಬಿದ್ದ ಹಿರಿಯರೂ ಕಡಿಮೆಯಿರಲಿಲ್ಲ. ಅಲ್ಲದೆ ಹಾಲು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಐವತ್ತು ಅರವತ್ತು ಕಿಲೋಮೀಟರು ದೂರದ ಬೆಂಗಳೂರಿಗೆ ಅದನ್ನು ಒಯ್ಯುವುದು ಒಬ್ಬ ರೈತನಿಂದ ಆಗುವ ಕೆಲಸವಾಗಿರಲಿಲ್ಲ.

ಇದು ಬದಲಾಗಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕಿತ್ತು: ಹೆಚ್ಚು ಹಾಲು ಕೊಡುವ ಹಸು, ಮತ್ತು ಹಾಲನ್ನು ಕೆಡದಂತೆ ಕೊಳ್ಳುವ ಡೇರಿ. ಈ ಎರಡಕ್ಕೂ ಕೋಲಾರ ಜಿಲ್ಲೆಯ ಜನ ನೆನೆಯುವ ಹೆಸರು ಎಂ.ವಿ. ಕೃಷ್ಣಪ್ಪ ಅವರದು. ನೆಹರೂ ಮಂತ್ರಿಮಂಡಲದಲ್ಲಿ ಆಹಾರ ಮತ್ತು ಕೃಷಿ ಖಾತೆಯ ಉಪಸಚಿವರಾಗಿದ್ದ ಅವರು ಮುಂದೆ ರಾಜ್ಯದಲ್ಲೂ ಸಚಿವರಾದರು. 1977ರಲ್ಲಿ ಚಿಕ್ಕಬಳ್ಳಾಪುರ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದರು. ಡೆನ್ಮಾರ್ಕ್‌ನ ಹಸುಗಳನ್ನು ರಾಜ್ಯಕ್ಕೆ ತರಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. 1960ರ ದಶಕದಲ್ಲಿ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ಸಹಯೋಗದ ಯೋಜನೆ ನಡೆಯಿತು. ಹಳ್ಳಿಗಳಿಗೆ ಕೃತಕ ಗರ್ಭಧಾರಣೆ ಬಂದ ಮೇಲೆ ‘ಸೀಮೆ ಹಸು’ ಎಂಬ ಮಾತು ಬಳಕೆಗೆ ಬಂತು. ಒಂದೆರಡು ಲೀಟರಿನ ಜಾಗದಲ್ಲಿ ಹತ್ತು ಲೀಟರು ಕರೆಯುವ ಹಸುವನ್ನು ಕಂಡ ಊರಿನಲ್ಲಿ ಮಾರಬಾರದೆಂಬ ನಂಬಿಕೆ ಬಹುಕಾಲ ಉಳಿಯುವುದು ಸಾಧ್ಯವಿರಲಿಲ್ಲ.

ಡೇರಿಯೂ ಬಂತು. ಯೂನಿಸೆಫ್ ನೆರವಿನಿಂದ ಕಟ್ಟಿದ ಬೆಂಗಳೂರು ಡೇರಿಯನ್ನು 1965ರ ಜನವರಿಯಲ್ಲಿ ಪ್ರಧಾನಿ ಲಾಲ್‌ಬಹಾದ್ದೂರ್ ಶಾಸ್ತ್ರಿ ಉದ್ಘಾಟಿಸಿದರು. ಆದರೆ ಅದು ಸರ್ಕಾರದ ಡೇರಿ. ಹಾಲು ಹಾಕುವವನು ಅಲ್ಲಿ ಮಾರುವವನೇ ಹೊರತು ಯಜಮಾನನಾಗಿರಲಿಲ್ಲ.

ಯಜಮಾನಿಕೆಯ ಮಾತು ಬಂದದ್ದು ಗುಜರಾತಿನಿಂದ. ಖೇಡಾ ಜಿಲ್ಲೆಯ ರೈತರು 1946ರಲ್ಲಿ ತ್ರಿಭುವನದಾಸ ಪಟೇಲರ ನಾಯಕತ್ವದಲ್ಲಿ ಕಟ್ಟಿದ ಒಕ್ಕೂಟವನ್ನು ವರ್ಗೀಸ್ ಕುರಿಯನ್ ದೇಶಕ್ಕೇ ಮಾದರಿಯಾಗಿ ಬೆಳೆಸಿದ್ದರು. ಹಳ್ಳಿಯಲ್ಲಿ ಸಂಘ, ಜಿಲ್ಲೆಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ ಎಂಬ ಮೂರು ಹಂತದ ಈ ಆನಂದ್ ಮಾದರಿಯನ್ನು ಕರ್ನಾಟಕ 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ದಕ್ಷಿಣದ ಜಿಲ್ಲೆಗಳಲ್ಲಿ ಆರಂಭಿಸಿತು. ಆಗ ಹುಟ್ಟಿದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಕೋಲಾರ ಜಿಲ್ಲೆಯ ಹಳ್ಳಿಗಳು ಮೊದಲು ಬೆಂಗಳೂರು ಒಕ್ಕೂಟದ ಕೆಳಗಿದ್ದವು. 1987ರಲ್ಲಿ ಕೋಲಾರಕ್ಕೆ ಪ್ರತ್ಯೇಕ ಒಕ್ಕೂಟವಾಯಿತು. ‘ನಂದಿನಿ’ ಎಂಬ ಹೆಸರಿನಲ್ಲಿ ಬೆಂಗಳೂರಿನ ಮನೆ ಬಾಗಿಲಿಗೆ ಬೀಳುವ ಪೊಟ್ಟಣದ ಹಿಂದೆ ಇಷ್ಟು ಕತೆಯಿದೆ.

ಇದರ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಸುವಿರುವ ಯಾರಾದರೂ ಷೇರು ಹಣ ಕಟ್ಟಿ ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಸದಸ್ಯರಾಗಬಹುದು. ಒಂದು ಹಸು ಇದ್ದವರಿಗೂ ಹತ್ತು ಹಸು ಇದ್ದವರಿಗೂ ಒಂದೇ ಮತ. ವರ್ಷದಲ್ಲಿ ಇಷ್ಟು ದಿನವಾದರೂ ಹಾಲು ಹಾಕಿರಬೇಕೆಂಬ ಷರತ್ತು ಇರುತ್ತದೆ. ಸದಸ್ಯರು ಆಡಳಿತ ಮಂಡಳಿಯನ್ನು ಆರಿಸುತ್ತಾರೆ, ಮಂಡಳಿ ಕಾರ್ಯದರ್ಶಿಯನ್ನೂ ಹಾಲು ಪರೀಕ್ಷಕನನ್ನೂ ನೇಮಿಸುತ್ತದೆ. ದಿನಕ್ಕೆ ಎರಡು ಸಲ ಹಾಲು ಅಳೆಯುತ್ತಾರೆ. ಬೆಲೆ ಕಟ್ಟುವುದು ಲೀಟರಿನ ಲೆಕ್ಕ ಒಂದರಿಂದಲೇ ಅಲ್ಲ. ಹಾಲಿನಲ್ಲಿ ಜಿಡ್ಡು ಎಷ್ಟಿದೆ, ಜಿಡ್ಡಲ್ಲದ ಘನ ಪದಾರ್ಥ ಎಷ್ಟಿದೆ ಎಂಬುದರ ಮೇಲೆ. ಹಿಂದೆ ಗಾಜಿನ ಕೊಳವೆಯಲ್ಲಿ ಲ್ಯಾಕ್ಟೊಮೀಟರ್ ತೇಲಿಸಿ ‘ಡಿಗ್ರಿ’ ನೋಡುತ್ತಿದ್ದರು. ಡಿಗ್ರಿ ಬರಲಿಲ್ಲವೆಂದರೆ ನೀರು ಬೆರೆತಿದೆ ಎಂದೇ ಅರ್ಥ, ಮತ್ತು ಅದನ್ನು ಸಾಲಿನಲ್ಲಿರುವ ಎಲ್ಲರೂ ನೋಡುತ್ತಿದ್ದರು! ಈಗ ಯಂತ್ರವೇ ಅಂಕಿ ತೋರಿಸಿ ಚೀಟಿ ಕೊಡುತ್ತದೆ. ಹಣದ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ.

ಸಂಘದಿಂದಲೇ ಪಶು ಆಹಾರ ಬರುತ್ತದೆ, ಗರ್ಭಧಾರಣೆಯ ಸೌಲಭ್ಯವೂ ಪಶುವೈದ್ಯರ ಸೇವೆಯೂ ಸಿಗುತ್ತದೆ. ಲಾಭ ಬಂದ ವರ್ಷ ಹಾಕಿದ ಹಾಲಿನ ಲೆಕ್ಕದಲ್ಲಿ ಬೋನಸ್ ಉಂಟು. ಇದೆಲ್ಲಕ್ಕಿಂತ ಸದ್ದಿಲ್ಲದೆ ಆದ ಬದಲಾವಣೆ ಇನ್ನೊಂದಿದೆ: ಯಾವ ಕೇರಿಯಿಂದ ಬಂದ ಹಾಲಾದರೂ ಒಂದೇ ಕ್ಯಾನಿಗೆ ಬೀಳುತ್ತದೆ. ನೀರಿನ ಬಾವಿ ಬೇರೆ, ಹೋಟೆಲಿನ ಲೋಟ ಬೇರೆ ಎಂಬ ಊರುಗಳಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಹುಳುವಿನ ಲೆಕ್ಕ ಬೇರೆ

ರೇಷ್ಮೆಯ ಇತಿಹಾಸ ಹಾಲಿಗಿಂತ ಹಳೆಯದು. ಟಿಪ್ಪು ಸುಲ್ತಾನ್ ಹದಿನೆಂಟನೇ ಶತಮಾನದ ಕೊನೆಯಲ್ಲಿ ಬಂಗಾಳದಿಂದ ಹುಳು ಸಾಕುವ ವಿದ್ಯೆ ತರಿಸಿದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜೆಮ್‌ಶೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ತಜ್ಞರನ್ನು ಕರೆಸಿ ರೇಷ್ಮೆ ತೋಟ ಮಾಡಿದರು. ಸಂಸ್ಥಾನದ ಸರ್ಕಾರ ಮೈಸೂರು ತಳಿಯೊಡನೆ ವಿದೇಶಿ ತಳಿ ಕೂಡಿಸಿದ ಮಿಶ್ರತಳಿಯನ್ನು ಬಳಕೆಗೆ ತಂದಿತು. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿಗೆ ಹಿಪ್ಪುನೇರಳೆ ಒಗ್ಗಿಕೊಂಡಿತು.

ಹುಳು ಸಾಕುವ ಮನೆಯ ಕಷ್ಟ ನೋಡಿದವರಿಗೇ ಗೊತ್ತು. ಮೊಟ್ಟೆಯಿಂದ ಹೊರಬಂದ ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಅದು ಸೊಪ್ಪು ಮುಟ್ಟದೆ ಮಂಕಾಗಿ ಮಲಗುತ್ತದೆ. ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವಿಗೆ ಹಗಲು ರಾತ್ರಿ ಎಂಬುದಿಲ್ಲ. ಸುಮಾರು 25 ದಿನಕ್ಕೆ ಹುಳು ಹಣ್ಣಾಗುತ್ತದೆ. ಆಗ ಮನೆಮಂದಿಯೆಲ್ಲ ಸೇರಿ ಅದನ್ನು ಆರಿಸಿ ಚಂದ್ರಂಕಿಗೆ ಬಿಡಬೇಕು. ಐದಾರು ದಿನಕ್ಕೆ ಗೂಡು ಬಿಡಿಸಬಹುದು. ಆಮೇಲೆ ರೈತನ ಕೈಯಲ್ಲಿರುವುದು ಬೆರಳೆಣಿಕೆಯ ದಿನಗಳು. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಆ ಗೂಡಿನಿಂದ ಎಳೆ ಬಿಚ್ಚಲಾಗುವುದಿಲ್ಲ.

ಈ ಅವಸರವೇ ದಲ್ಲಾಳಿಗೆ ಬಂಡವಾಳ. ರೈತ ಕಾಯಲಾರ ಎಂಬುದು ಕೊಳ್ಳುವವನಿಗೆ ಗೊತ್ತಿತ್ತು. ಮೈಸೂರು ರಾಜ್ಯ 1959ರಲ್ಲಿ ರೇಷ್ಮೆ ಮೊಟ್ಟೆ, ಗೂಡು ಮತ್ತು ನೂಲಿನ ವ್ಯವಹಾರಕ್ಕೆ ಕಾಯ್ದೆ ಮಾಡಿದ್ದು ಇದಕ್ಕಾಗಿ. 1979ರಲ್ಲಿ ಆ ಹಿಡಿತ ಇನ್ನಷ್ಟು ಬಿಗಿಯಾಯಿತು: ಗೂಡು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಾಟವಾಗಬೇಕು, ನೂಲು ರೇಷ್ಮೆ ವಿನಿಮಯ ಕೇಂದ್ರದಲ್ಲಿ. ನೂಲಿನ ಬೆಲೆ ಕುಸಿದಾಗ ಕೊಳ್ಳಲೆಂದು ರೇಷ್ಮೆ ಮಾರಾಟ ಮಂಡಳಿಯೂ ಅದೇ ವರ್ಷ ಹುಟ್ಟಿತು. ಮರುವರ್ಷ ವಿಶ್ವ ಬ್ಯಾಂಕಿನ ನೆರವಿನ ರೇಷ್ಮೆ ಯೋಜನೆ ಬಂತು. ಅಂದರೆ ಹಾಲಿಗೆ ನೆರವು ಕೊಟ್ಟ ಬ್ಯಾಂಕೇ ರೇಷ್ಮೆಗೂ ಕೊಟ್ಟಿತು. ಆದರೆ ಒಂದರಲ್ಲಿ ಸರ್ಕಾರ ರೈತರ ಸಂಘ ಕಟ್ಟಿಸಿತು, ಇನ್ನೊಂದರಲ್ಲಿ ತಾನೇ ಮಾರುಕಟ್ಟೆ ಕಟ್ಟಿತು.

ರಾಮನಗರ ಬಿಟ್ಟರೆ ರಾಜ್ಯದಲ್ಲಿ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಶಿಡ್ಲಘಟ್ಟದ್ದು. ಬೆಳಿಗ್ಗೆ ಗೂಡು ತಂದ ರೈತನಿಗೆ ಒಂದು ಲಾಟಿನ ಸಂಖ್ಯೆ ಸಿಗುತ್ತದೆ. ನೂಲು ಬಿಚ್ಚುವ ರೀಲರ್‌ಗಳು ಜಾಲರಿಯಿಂದ ಜಾಲರಿಗೆ ಹೋಗಿ ಬೊಗಸೆ ತುಂಬ ಗೂಡು ಎತ್ತಿ ನೋಡುತ್ತಾರೆ, ಬೆರಳಲ್ಲಿ ಒತ್ತುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಮೊದಲು ಕೂಗಿ ನಡೆಯುತ್ತಿದ್ದ ಹರಾಜು ಕಳೆದ ದಶಕದಲ್ಲಿ ಇ-ಹರಾಜಾಯಿತು. ರೀಲರ್ ತನ್ನ ಮೊಬೈಲಿನಲ್ಲೇ ಬೆಲೆ ಹಾಕುತ್ತಾನೆ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಆದರೆ ಬಾಡಿಗೆ ಗಾಡಿಯಲ್ಲಿ ಗೂಡು ತಂದವನು ಅದನ್ನು ಮನೆಗೆ ಹೊತ್ತೊಯ್ಯುವುದು ಎಲ್ಲಿಗೆ? ಒಳಗಿನ ಹುಳು ಅಷ್ಟರಲ್ಲಿ ಚಿಟ್ಟೆಯಾಗುವ ದಾರಿಯಲ್ಲಿರುತ್ತದೆ.

ರೀಲರ್‌ನನ್ನು ಶೋಷಕನೆಂದು ಬರೆದುಬಿಡುವುದು ಸುಲಭ, ಅದು ಸರಿಯೂ ಅಲ್ಲ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಬಹುಮಟ್ಟಿಗೆ ಮನೆಗಸುಬು. ಮುಸ್ಲಿಂ ಕುಟುಂಬಗಳದ್ದು ಇದರಲ್ಲಿ ದೊಡ್ಡ ಪಾಲು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಹೆಂಗಸರ ಬೆರಳುಗಳು ಸದಾ ನೀರಲ್ಲಿ ನೆನೆದಿರುತ್ತವೆ, ಹಬೆ ಮತ್ತು ವಾಸನೆಯಲ್ಲೇ ದಿನ ಕಳೆಯುತ್ತದೆ. ಸಣ್ಣ ರೀಲರ್ ಇಂದು ನೂಲು ಮಾರಿದ ಹಣದಲ್ಲೇ ನಾಳೆ ಗೂಡು ಕೊಳ್ಳಬೇಕು. ಕಂಚಿ, ಧರ್ಮಾವರದ ನೇಕಾರರ ಕಡೆ ನೂಲಿನ ಬೇಡಿಕೆ ತಗ್ಗಿದರೆ ಆ ಪೆಟ್ಟು ಮೊದಲು ಅವನಿಗೆ, ಮರುದಿನ ಮಾರುಕಟ್ಟೆಯಲ್ಲಿ ರೈತನಿಗೆ.

ಕೂಡಿಸಬಹುದಾದದ್ದು, ಕೂಡಿಸಲಾಗದ್ದು

ಹಾಗಾದರೆ ರೇಷ್ಮೆಗೆ ಏಕೆ ಆನಂದ್ ಮಾದರಿ ಬರಲಿಲ್ಲ? ರೈತರಲ್ಲಿ ಒಗ್ಗಟ್ಟಿಲ್ಲ ಎಂಬ ಸಿದ್ಧ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಡೇರಿಯಲ್ಲಿ ಒಗ್ಗಟ್ಟಾಗಿರುವವರೂ ಅದೇ ರೈತರು. ವ್ಯತ್ಯಾಸವಿರುವುದು ವಸ್ತುವಿನಲ್ಲಿ.

ಹಾಲಿನ ಗುಣ ಬೆಲೆ ಕಟ್ಟುವ ಮೊದಲೇ ಗೊತ್ತಾಗುತ್ತದೆ. ಒಂದು ಲೋಟ ಹಾಲು, ಒಂದು ಯಂತ್ರ, ಅರ್ಧ ನಿಮಿಷ ಸಾಕು. ಹೀಗಾಗಿ ನೂರು ಜನರ ಹಾಲನ್ನು ಒಂದೇ ಕ್ಯಾನಿಗೆ ಸುರಿದರೂ ಯಾರಿಗೆ ಎಷ್ಟು ಸಲ್ಲಬೇಕೆಂಬ ಜಗಳ ಬರುವುದಿಲ್ಲ. ಗೂಡಿನ ಕತೆ ಹಾಗಲ್ಲ. ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂತು ಎಂಬುದೇ ಅದರ ನಿಜವಾದ ಗುಣ, ಅದು ತಿಳಿಯುವುದು ಬಿಚ್ಚಿದ ಮೇಲೆ. ಒಳ್ಳೆಯ ಬೈವೋಲ್ಟೀನ್ ಗೂಡಾದರೆ ಆರೇಳು ಕಿಲೋ ಸಾಕು, ಸಾಧಾರಣ ಗೂಡಿಗೆ ಅದಕ್ಕಿಂತ ಹೆಚ್ಚು ಬೇಕು. ಮಾರುಕಟ್ಟೆಯಲ್ಲಿ ರೀಲರ್‌ನ ಕೈ, ಕಣ್ಣು, ಕಿವಿ ಮಾಡುವುದು ಒಂದು ಅಂದಾಜು ಮಾತ್ರ. ಅಲ್ಲದೆ ಹತ್ತು ಮನೆಯ ಗೂಡು ಬೆರೆಸಿದರೆ ಎಳೆ ಒಂದೇ ಸಮನಾಗಿ ಬಿಚ್ಚಿಕೊಳ್ಳುವುದಿಲ್ಲ. ಹಾಲು ಬೆರೆತರೆ ಸರಕು ದೊಡ್ಡದಾಗುತ್ತದೆ, ಗೂಡು ಬೆರೆತರೆ ಬೆಲೆ ಇಳಿಯುತ್ತದೆ.

ಇನ್ನೊಂದು ಕಾರಣ ಕೊಳ್ಳುವವನದು. ಹಾಲಿನ ಗಿರಾಕಿ ದೂರದ ಬೆಂಗಳೂರು. ಅಲ್ಲಿಗೆ ತಲುಪಲು ಬೇಕಾದ ಶೀತಲೀಕರಣ ಕೇಂದ್ರ, ಲಾರಿ, ಡೇರಿ ಯಾವೊಬ್ಬ ರೈತನಿಂದಲೂ ಆಗದ ಕೆಲಸವಾದ್ದರಿಂದ ಕೂಡುವುದು ಅನಿವಾರ್ಯವಾಯಿತು. ಗೂಡಿನ ಗಿರಾಕಿ ಅದೇ ಊರಿನ ರೀಲರ್. ನೂಲು ಬಿಚ್ಚುವ ಕೆಲಸವನ್ನು ರೈತರ ಸಂಘವೇ ವಹಿಸಿಕೊಂಡರೆ ಆ ಸಾವಿರಾರು ಬಡ ಕುಟುಂಬಗಳ ಅನ್ನಕ್ಕೆ ಕೈಹಾಕಿದಂತೆ. ಇಂಥ ಕಡೆ ಯಾವ ಸರ್ಕಾರಕ್ಕೂ ನಡುವೆ ನಿಂತು ತೂಕ, ಹರಾಜು ನೋಡಿಕೊಳ್ಳುವುದೇ ಸುರಕ್ಷಿತ. ರೇಷ್ಮೆ ಬೆಳೆಗಾರರ ಸೇವಾ ಸಹಕಾರ ಸಂಘಗಳು ರಾಜ್ಯದಲ್ಲಿ ಹುಟ್ಟಲಿಲ್ಲವೆಂದಲ್ಲ. ಆದರೆ ಅವುಗಳ ಕೆಲಸ ಹೆಚ್ಚಾಗಿ ಸಾಲ, ಗೊಬ್ಬರದ ಸುತ್ತಲೇ ನಿಂತಿತು. 1905ರಲ್ಲಿ ಸಹಕಾರ ಎಲ್ಲಿ ಆರಂಭವಾಗಿತ್ತೋ ಅಲ್ಲಿಯೇ.

ಸಂಘವೊಂದಿದ್ದರೆ ಸಾಕು ಎಂಬುದೂ ನಿಜವಲ್ಲ. ಗೌರಿಬಿದನೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯಿತ್ತು. ಕಬ್ಬು ವರ್ಷವಿಡೀ ನೀರು ಬೇಡುವ ಬೆಳೆ. ಊರ ಪಕ್ಕದ ಉತ್ತರ ಪಿನಾಕಿನಿ ವರ್ಷದ ಬಹುಭಾಗ ಮರಳ ಹಾಸು. ಆ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಚಿಂತಾಮಣಿಯ ಟೊಮೆಟೊ ಮಾರುಕಟ್ಟೆ ಎಷ್ಟು ದೊಡ್ಡದಾಗಿ ಬೆಳೆದಿದ್ದರೂ ಬೆಲೆ ಬಿದ್ದ ದಿನ ಕೊಯ್ದ ಹಣ್ಣನ್ನು ರಸ್ತೆ ಬದಿಗೆ ಸುರಿಯುವ ದೃಶ್ಯ ತಪ್ಪಿಲ್ಲ. ಟೊಮೆಟೊಗೆ ಡೇರಿಯಂಥದ್ದೊಂದು ಏಕಿಲ್ಲ ಎಂದು ಪ್ರತಿ ಕುಸಿತದಲ್ಲೂ ಕೇಳುತ್ತಾರೆ, ಬೆಲೆ ಏರಿದ ವಾರ ಮರೆಯುತ್ತಾರೆ.

ಎರಡು ಕುಸಿತಗಳು

ಸಂಘಕ್ಕೂ ಹರಾಜಿಗೂ ಇರುವ ಅಂತರ ಎದ್ದು ಕಂಡದ್ದು ಕೆಟ್ಟ ಕಾಲದಲ್ಲಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಚೀನಾದ ಅಗ್ಗದ ನೂಲಿಗೆ ಬಾಗಿಲು ತೆರೆಯಿತು, ಗೂಡಿನ ಬೆಲೆ ನೆಲಕಚ್ಚಿತು. ಶಿಡ್ಲಘಟ್ಟ, ರಾಮನಗರದ ಮಾರುಕಟ್ಟೆಗಳಲ್ಲಿ ತೂಕವೂ ಸರಿಯಿತ್ತು, ಹರಾಜೂ ಬಹಿರಂಗವಾಗಿಯೇ ನಡೆಯಿತು. ಬಿದ್ದ ಬೆಲೆಯನ್ನು ಅಷ್ಟೇ ಪ್ರಾಮಾಣಿಕವಾಗಿ ರೈತನಿಗೆ ತಲುಪಿಸುವುದು ಬಿಟ್ಟು ಮಾರುಕಟ್ಟೆಗೆ ಬೇರೆ ಶಕ್ತಿ ಇರಲಿಲ್ಲ. ಬೇಸತ್ತ ಅನೇಕ ರೈತರು ಹಿಪ್ಪುನೇರಳೆ ಕಿತ್ತುಹಾಕಿದರು. ಸುಂಕ ಶೇ 15ಕ್ಕೆ ಏರಲು 2013ರವರೆಗೆ ಕಾಯಬೇಕಾಯಿತು.

ಇನ್ನೊಂದು 2020ರ ಲಾಕ್‌ಡೌನ್. ಹೋಟೆಲು, ಛತ್ರಗಳು ಮುಚ್ಚಿ ಹಾಲಿಗೆ ಬೇಡಿಕೆ ಒಮ್ಮೆಲೇ ತಗ್ಗಿತು. ಹಸುವಿಗೆ ಲಾಕ್‌ಡೌನ್ ಗೊತ್ತಿಲ್ಲ. ದಿನಕ್ಕೆರಡು ಸಲ ಕರೆಯಲೇಬೇಕು. ಹಳ್ಳಿಯ ಡೇರಿಗಳು ಹಾಲು ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಉಳಿದ ಹಾಲಿನ ಒಂದು ಭಾಗವನ್ನು ರಾಜ್ಯ ಸರ್ಕಾರ ಕೊಂಡು ನಗರದ ಬಡ ಬಡಾವಣೆಗಳಲ್ಲಿ ಉಚಿತವಾಗಿ ಹಂಚಿತು, ಮಿಕ್ಕದ್ದು ಪುಡಿಯಾಯಿತು. ಹಾಲನ್ನು ಪುಡಿ ಮಾಡಿ ತಿಂಗಳುಗಟ್ಟಲೆ ಕಾಯಬಲ್ಲ ಕಾರ್ಖಾನೆ ಮಹಾಮಂಡಳದ ಕೈಯಲ್ಲಿರುವುದು ಇಂಥ ದಿನಗಳಲ್ಲಿ ಏನೆಂದು ಗೊತ್ತಾಗುತ್ತದೆ.

ಯಜಮಾನ ಯಾರು?

ಹಾಗೆಂದು ಹಾಲಿನ ರೈತ ನಿಜವಾಗಿ ಯಜಮಾನನೇ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ನಂದಿನಿ ಹಾಲಿನ ಮಾರಾಟ ದರ ಸರ್ಕಾರದ ಒಪ್ಪಿಗೆಯಿಲ್ಲದೆ ಏರುವುದಿಲ್ಲ. 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿದಾಗಲೂ ನಿರ್ಧಾರ ಆದದ್ದು ವಿಧಾನಸೌಧದ ಮಟ್ಟದಲ್ಲಿ. ನಗರದ ಮತದಾರನಿಗೆ ಹಾಲು ಅಗ್ಗವಾಗಿರಬೇಕು, ಹಳ್ಳಿಯ ಮತದಾರನಿಗೆ ಬೆಲೆ ಸಿಗಬೇಕು. ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವೇ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾದ ಅದು ಮುಂದೆ 5 ರೂಪಾಯಿಗೆ ಏರಿತು. ಅದು ಒಕ್ಕೂಟ ಕೊಡುವ ಬೆಲೆಯಲ್ಲ, ಬೊಕ್ಕಸದ ಹಣ. ತಿಂಗಳುಗಟ್ಟಲೆ ಬಾಕಿ ಬಿದ್ದದ್ದೂ ಉಂಟು. ಇತ್ತ ಹಾಲು ಹೆಚ್ಚಿದ ಕಾಲದಲ್ಲಿ, ಪುಡಿಯ ಬೆಲೆ ಬಿದ್ದಾಗ ಒಕ್ಕೂಟಗಳು ಖರೀದಿ ದರವನ್ನು ಒಂದೆರಡು ರೂಪಾಯಿ ಇಳಿಸುತ್ತವೆ. ಆಗ ಬೂಸಾ, ಹಿಂಡಿಯ ಬೆಲೆ ಇಳಿದಿರುವುದಿಲ್ಲ.

ಒಕ್ಕೂಟದ ನಿರ್ದೇಶಕ ಸ್ಥಾನ ಶಾಸಕಗಿರಿಗೆ ಮೆಟ್ಟಿಲೆಂಬುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಕೋಲಾರ ಒಕ್ಕೂಟವನ್ನು ಒಡೆದು ಚಿಕ್ಕಬಳ್ಳಾಪುರಕ್ಕೆ ಪ್ರತ್ಯೇಕ ಒಕ್ಕೂಟ ಮಾಡುವ ವಿಚಾರ ಸರ್ಕಾರ ಬದಲಾದಂತೆ ಹಿಂದೆ ಮುಂದೆ ಎಳೆದಾಡಿದ್ದೂ ಇದೇ ಕಾರಣಕ್ಕೆ. ಕೊನೆಗೆ ಚಿಕ್ಕಬಳ್ಳಾಪುರಕ್ಕೆ ತನ್ನದೇ ‘ಚಿಮುಲ್’ ಬಂತು, ನಂದಿ ಕ್ರಾಸ್ ಬಳಿಯ ಮೆಗಾ ಡೇರಿ ಅದರ ಪಾಲಿಗೆ ಬಂತು. ಹಾಲು ಹಾಕುವವರಿಗೆ ಇದರಿಂದ ಏನು ಸಿಕ್ಕೀತು ಎಂಬುದು ಮುಂದಿನ ಬಟವಾಡೆಗಳಲ್ಲಿ ಕಾಣಬೇಕಾದದ್ದು.

ಡೇರಿಯ ಸಾಲಿನಲ್ಲಿ ನಿಂತವರಲ್ಲಿ ಹೆಂಗಸರೇ ಹೆಚ್ಚು. ಮೇವು ಕೊಯ್ಯುವುದು, ಕೊಟ್ಟಿಗೆ ಬಾಚುವುದು, ಕರೆಯುವುದು ಅವರ ಕೆಲಸ. ಆದರೆ ಪಾಸ್‌ಪುಸ್ತಕ ಬಹಳ ಮನೆಗಳಲ್ಲಿ ಗಂಡನ ಹೆಸರಿನಲ್ಲಿದೆ, ಹಾಗಾಗಿ ಸಂಘದ ಮತವೂ ಅವನದೇ. 1980ರ ದಶಕದ ಕೊನೆಗೆ ಕೇಂದ್ರದ ತರಬೇತಿ ಮತ್ತು ಉದ್ಯೋಗ ನೆರವಿನ ಯೋಜನೆಯಲ್ಲಿ ಮಹಿಳೆಯರೇ ನಡೆಸುವ ಹಾಲು ಸಂಘಗಳು ಆರಂಭವಾದ ಮೇಲೆ ಈ ಲೆಕ್ಕ ಅಲ್ಲಲ್ಲಿ ಬದಲಾಗಿದೆ. ಅಧ್ಯಕ್ಷೆಯಿಂದ ಹಾಲು ಪರೀಕ್ಷಕಿಯವರೆಗೆ ಎಲ್ಲರೂ ಮಹಿಳೆಯರಾಗಿರುವ ಸಂಘಗಳು ಈ ತಾಲ್ಲೂಕುಗಳಲ್ಲಿ ಇವೆ.

ರೇಷ್ಮೆಯ ಕಡೆಯೂ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿದೆ. ಬಿಳಿಯ ಬೈವೋಲ್ಟೀನ್ ಗೂಡು ಹೆಚ್ಚುತ್ತಿದ್ದಂತೆ ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಅವಕ್ಕೆ ಬೇಕಾದ ಬಂಡವಾಳ ಮನೆಗಸುಬಿನ ರೀಲರ್‌ಗೆ ಎಟುಕದು, ಬಿಡಿ ರೈತನಿಗಂತೂ ಇಲ್ಲವೇ ಇಲ್ಲ. ಕಂಪನಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ರೈತ ಉತ್ಪಾದಕರ ಕಂಪನಿ ಕಟ್ಟಲು ಅವಕಾಶವಾಗಿದೆ, 2020ರಿಂದ ಅದಕ್ಕೆ ಕೇಂದ್ರದ ನೆರವೂ ಇದೆ. ಚಾಕಿ ಹುಳು ಒಂದೇ ಕೇಂದ್ರದಿಂದ ತಂದು, ಒಂದೇ ತಳಿ ಸಾಕಿ, ಒಂದೇ ವಾರ ಗೂಡು ಬಿಡಿಸುವ ಊರುಗಳಲ್ಲಿ ಹತ್ತು ಮನೆಯ ಗೂಡು ಬೆರೆಸಲಾಗದೆಂಬ ತೊಡಕು ಮೊದಲಿನಷ್ಟು ದೊಡ್ಡದಲ್ಲ. ಅಂಥ ಊರುಗಳ ರೈತರೂ ಶಿಡ್ಲಘಟ್ಟದ ರೀಲರ್‌ಗಳೂ ಒಂದೇ ಸಂಘದ ಸದಸ್ಯರಾಗಿ ಯಂತ್ರವೊಂದನ್ನು ಹಾಕಿಸಿಕೊಳ್ಳಬಹುದೇ ಎಂಬುದನ್ನು ಇನ್ನೂ ಯಾರೂ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿಲ್ಲ. ಸದ್ಯಕ್ಕೆ ಗೂಡು ತಂದವರು ಲಾಟಿನ ಸಂಖ್ಯೆ ಹಿಡಿದು ಹರಾಜಿಗೆ ಕಾಯುತ್ತಾರೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಊರು ಸೇರಬೇಕು.